ಡೀಸಲ್ ಇಂಜಿನುಗಳಿಗೆ ತಕ್ಕ ತಂಪುನೀರು
(ಕೂಲೆಂಟನ್ನು ಆರಿಸುವ ಮತ್ತು ಕಾಪಾಡುವ ಕ್ರಮ)

1. ಪೀಠಿಕೆ

ಬೂದಿಕೋಟೆ, ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ರೈತರಲ್ಲಿ ಈಗ ಡೀಸಲ್ ಇಂಜಿನಿನ ಸಂಬಂಧವಿಲ್ಲದವರು ವಿರಳ. ಉಳುವುದಕ್ಕೆ ಟ್ರಾಕ್ಟರು, ತೋಟದ ಸಾಲುಗಳ ನಡುವೆ ಪವರ್ ಟಿಲ್ಲರು, ವಿದ್ಯುತ್ತು ನಿಂತಾಗ ಕೊಳವೆಬಾವಿಯ ಮೋಟಾರನ್ನು ನಡೆಯಿಸುವುದಕ್ಕೆ ಜನರೇಟರು, ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲನ್ನು ತಣ್ಣಗಿಡುವ ಯಂತ್ರಕ್ಕೆ ಮತ್ತೊಂದು ಜನರೇಟರು, ಹೀಗೆ ಬೇಸಾಯದ ಅನೇಕ ಕೆಲಸಗಳು ಈ ಇಂಜಿನುಗಳನ್ನು ನಂಬಿಕೊಂಡಿವೆ. ತೆರೆದ ಬಾವಿಯ ಮತ್ತು ಕಾಲುವೆಯ ದಡದಲ್ಲಿ ಹಳೆಯ ತರಹದ ಪಂಪು ಇಂಜಿನುಗಳೂ ಅಲ್ಲಲ್ಲಿ ಉಳಿದಿವೆ.

ರೈತರು ಇಂಜಿನಿಗೆ ಹಾಕುವ ಡೀಸಲನ್ನು ಲೆಕ್ಕವಿಟ್ಟು ಕೊಳ್ಳುತ್ತಾರೆ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸುತ್ತಾರೆ. ಆದರೆ ರೇಡಿಯೇಟರಿಗೆ ಹಾಕುವ ನೀರಿನ ವಿಷಯದಲ್ಲಿ ಮಾತ್ರ ಬಹುಮಂದಿಗೆ ಲಕ್ಷ್ಯವಿಲ್ಲ. ಕೈಗೆ ಸಿಕ್ಕ ಕೊಡದಿಂದ, ತೊಟ್ಟಿಯಿಂದ, ಕೊಳವೆಬಾವಿಯ ಪೈಪಿನಿಂದ ನೀರನ್ನು ಸುರಿದು ಮುಚ್ಚಳ ಹಾಕಿಬಿಡುವುದು ವಾಡಿಕೆಯಾಗಿದೆ. ಇದರಿಂದಾಗುವ ಕೇಡು ಆ ದಿನವೇ ಕಾಣುವುದಿಲ್ಲ. ಎರಡು ಮೂರು ವರ್ಷಗಳ ಮೇಲೆ, ಮಳೆ ಬಿದ್ದು ಭೂಮಿ ಹದವಾದ ವಾರದಲ್ಲಿಯೋ, ಬೇಸಗೆಯಲ್ಲಿ ಟೊಮ್ಯಾಟೊ ಕಾಯಿ ಕಟ್ಟುವ ಕಾಲದಲ್ಲಿಯೋ, ಇಂಜಿನು ಕುದಿದು ನಿಂತುಹೋಗುತ್ತದೆ. ಆಗ ಇಂಜಿನಿನ ದುರಸ್ತಿಯ ಖರ್ಚಿಗಿಂತ ಹದ ತಪ್ಪಿದ ಬೆಳೆಯ ನಷ್ಟವೇ ದೊಡ್ಡದಾಗುವುದುಂಟು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯನ್ನು ತೆಗೆದುಕೊಳ್ಳುವ ಪ್ರಸಂಗವು ಬರಬಾರದೆಂಬ ಉದ್ದೇಶದಿಂದ ಈ ಕೆಳಗಿನ ವಿಷಯಗಳನ್ನು ರೈತರಿಗೆ ತಿಳಿಯಪಡಿಸಲಾಗಿದೆ.

2. ಇಂಜಿನಿನಲ್ಲಿ ಶಾಖವು ಎಲ್ಲಿಗೆ ಹೋಗುತ್ತದೆ?

ಜರ್ಮನಿಯ ರುಡಾಲ್ಫ್ ಡೀಸಲ್ ಎಂಬಾತನು 1897ರಲ್ಲಿ ತನ್ನ ಇಂಜಿನನ್ನು ಯಶಸ್ವಿಯಾಗಿ ನಡೆಯಿಸಿ ತೋರಿಸಿದನು. ಅದರಲ್ಲಿ ಬೆಂಕಿ ಹೊತ್ತಿಸುವ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುವುದರಿಂದಲೇ ಎಣ್ಣೆಯು ಹೊತ್ತಿಕೊಳ್ಳುತ್ತದೆ. ಹೀಗೆ ಉರಿದ ಎಣ್ಣೆಯ ಶಾಖವೆಲ್ಲವೂ ಕೆಲಸಕ್ಕೆ ಬರುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಚಕ್ರವನ್ನು ತಿರುಗಿಸುತ್ತದೆ. ಒಂದು ಪಾಲು ಹೊಗೆಯ ಕೊಳವೆಯಲ್ಲಿ ಹೊರಟುಹೋಗುತ್ತದೆ. ಉಳಿದ ಸುಮಾರು ಒಂದು ಪಾಲನ್ನು ಸಿಲಿಂಡರಿನ ಸುತ್ತಲೂ ಹರಿಯುವ ನೀರು ಹೊತ್ತುಕೊಂಡು ಹೋಗಬೇಕು. ನೀರು ಈ ಕೆಲಸವನ್ನು ಮಾಡದಿದ್ದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಎಣ್ಣೆಯು ಸುಟ್ಟು ಜಿಗುಟಾಗುತ್ತದೆ, ಸಿಲಿಂಡರಿನ ತಲೆಯು ಸೀಳುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚುವುದಕ್ಕೆ ಮುಂಚೆ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆಯ ಕಾವಿನಲ್ಲಿ ಮನುಷ್ಯನು ಕೆಲಸ ಮಾಡಬೇಕಾದರೆ ಮೇಲಿನಿಂದ ತಂಪುಮಾಡಿದ ಗಾಳಿಯನ್ನು ಕಳುಹಿಸಬೇಕಾಗಿತ್ತು. ಕಾವನ್ನು ಹೊರಕ್ಕೆ ಸಾಗಿಸದೆ ಒಳಗೆ ಕೆಲಸ ಸಾಗುವುದಿಲ್ಲವೆಂಬ ನಿಯಮವು ಗಣಿಗೂ ಇಂಜಿನಿಗೂ ಒಂದೇ.

ಆದರೆ ಇಂಜಿನು ಅತಿಯಾಗಿ ತಣ್ಣಗಿರುವುದೂ ಒಳ್ಳೆಯದಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಡೀಸಲು ಪೂರ್ಣವಾಗಿ ಉರಿಯುವುದಿಲ್ಲ. ಉರಿಯದ ಎಣ್ಣೆಯು ಸಿಲಿಂಡರಿನ ಗೋಡೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ, ಸವೆತವು ಹೆಚ್ಚುತ್ತದೆ, ಹೊಗೆಯೂ ಹೆಚ್ಚುತ್ತದೆ. ಆದಕಾರಣ ರೇಡಿಯೇಟರುಳ್ಳ ಇಂಜಿನುಗಳಲ್ಲಿ ನೀರು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಂತೆ ಥರ್ಮೋಸ್ಟಾಟ್ ಎಂಬ ಬಾಗಿಲನ್ನು ಇಟ್ಟಿರುತ್ತಾರೆ. ಇಂಜಿನು ಕುದಿಯಿತೆಂದು ಈ ಬಾಗಿಲನ್ನು ಕಿತ್ತು ಬಿಸಾಡುವ ಪದ್ಧತಿಯು ಕೆಲವು ಕಡೆ ರೂಢಿಯಲ್ಲಿದೆ. ಇದು ಸರಿಯಲ್ಲ. ಕೆಟ್ಟ ಥರ್ಮೋಸ್ಟಾಟನ್ನು ತೆಗೆದು ಹೊಸದನ್ನು ಹಾಕಿಸತಕ್ಕದ್ದೇ ಹೊರತು, ಅದರ ಸ್ಥಾನವನ್ನು ಬರಿದಾಗಿ ಬಿಡತಕ್ಕದ್ದಲ್ಲ.

3. ನಮ್ಮ ಸೀಮೆಯ ನೀರಿನ ಗುಣ

ಬೂದಿಕೋಟೆಯ ಬಳಿ ಮಾರ್ಕಂಡೇಯ ಜಲಾಶಯವಿದ್ದರೂ, ತಾಲ್ಲೂಕಿನ ಬಹುಭಾಗವು ಕೊಳವೆಬಾವಿಯ ನೀರನ್ನೇ ಅವಲಂಬಿಸಿದೆ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಯನ್ನು ದಾಟಿದ ಕೊಳವೆಬಾವಿಗಳು ಈಗ ಅಪರೂಪವಲ್ಲ. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಸುಣ್ಣ, ಮೆಗ್ನೀಷಿಯಂ ಮುಂತಾದ ಲವಣಗಳು ಹೆಚ್ಚಾಗಿ ಕರಗಿರುತ್ತವೆ. ಇದನ್ನೇ ಗಡಸು ನೀರೆನ್ನುತ್ತಾರೆ. ಈ ಜಿಲ್ಲೆಯ ಅನೇಕ ಹಳ್ಳಿಗಳ ನೀರಿನಲ್ಲಿ ಫ್ಲೋರೈಡೂ ಮಿತಿಮೀರಿದೆ. ಅದು ಮನುಷ್ಯರ ಹಲ್ಲಿಗೂ ಎಲುಬಿಗೂ ಶತ್ರು. ಇಂಜಿನಿಗೆ ಮುಖ್ಯ ಶತ್ರುವು ಗಡಸುತನವೇ.

ಗಡಸು ನೀರನ್ನು ಗುರುತಿಸುವುದಕ್ಕೆ ಪ್ರಯೋಗಶಾಲೆಗೆ ಹೋಗಲೇಬೇಕೆಂದಿಲ್ಲ. ಸೋಪು ನೊರೆ ಬಾರದೆ ಜಿಡ್ಡಾಗುವುದು, ಬೇಳೆ ಬೇಗನೆ ಬೇಯದಿರುವುದು, ಬಚ್ಚಲ ಹಂಡೆಯ ಒಳಮೈಗೆ ಬಿಳಿ ಹಕ್ಕಳೆ ಕಟ್ಟುವುದು, ಇವೇ ಅದರ ಗುರುತುಗಳು. ಹಂಡೆಯಲ್ಲಿ ನಡೆಯುವುದೇ ಇಂಜಿನಿನ ಒಳಗೂ ನಡೆಯುತ್ತದೆ. ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಬೈಕಾರ್ಬೊನೇಟು ಒಡೆದು, ಅಂಗಾರಾಮ್ಲ ವಾಯುವು ಹೊರಟುಹೋಗಿ, ಕರಗದ ಸುಣ್ಣದ ಕಲ್ಲು ಉಳಿಯುತ್ತದೆ. ಅದು ಎಲ್ಲಿ ಕಾವು ಹೆಚ್ಚೋ ಅಲ್ಲಿಯೇ, ಅಂದರೆ ಸಿಲಿಂಡರಿನ ಮೇಲ್ಭಾಗದ ಸುತ್ತಲೂ, ಕಚ್ಚಿಕೊಳ್ಳುತ್ತದೆ. ಈ ಹಕ್ಕಳೆಯು ಶಾಖವನ್ನು ಬಲು ನಿಧಾನವಾಗಿ ಬಿಡುತ್ತದೆ. ಒಂದು ಮಿಲಿಮೀಟರು ಹಕ್ಕಳೆ ಕಟ್ಟಿದರೆ, ಸಿಲಿಂಡರಿನ ಗೋಡೆಗೆ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪದ ಬೀಡಿನ ಕಂಬಳಿಯನ್ನು ಹೊದಿಸಿದಂತಾಗುತ್ತದೆ. ರೇಡಿಯೇಟರಿನಲ್ಲಿ ನೀರು ತುಂಬಿದ್ದು, ಬೆಲ್ಟು ಬಿಗಿಯಾಗಿದ್ದು, ಆದರೂ ಇಂಜಿನು ಕುದಿಯುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ಕುಡಿಯಲು ಯೋಗ್ಯವಾದ ನೀರು ಇಂಜಿನಿಗೂ ಯೋಗ್ಯವೆಂದು ಭಾವಿಸಬಾರದು. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ. ಬೇರೆ ನೀರು ದೊರೆಯದಿದ್ದ ಪಕ್ಷದಲ್ಲಿ 600ರ ವರೆಗೂ ಬಿಡುತ್ತದೆ. ದೊಡ್ಡ ಡೀಸಲ್ ಇಂಜಿನುಗಳ ತಯಾರಕರಲ್ಲಿ ಕೆಲವರಾದರೋ ಗಡಸುತನವು 170, ಕ್ಲೋರೈಡು 40, ಸಲ್ಫೇಟು 100 ಮಿಲಿಗ್ರಾಮನ್ನು ಮೀರಕೂಡದೆಂದು ಹೇಳುತ್ತಾರೆ. ಕ್ಲೋರೈಡು ಹೆಚ್ಚಾದರೆ ಲೋಹವು ತೂತುಬೀಳುವಂತೆ ತುಕ್ಕು ಹಿಡಿಯುತ್ತದೆ.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಅದು ಅಂತರ್ಜಲವನ್ನು ತುಂಬುವುದಕ್ಕಾಗಿ ಬಂದ ನೀರು. ಆ ನೀರನ್ನಾಗಲಿ, ಮಣ್ಣು ಬೆರೆತ ಮಳೆಗಾಲದ ಕೆರೆಯ ನೀರನ್ನಾಗಲಿ ರೇಡಿಯೇಟರಿಗೆ ಹಾಕತಕ್ಕದ್ದಲ್ಲ.

4. ಹಕ್ಕಳೆಯ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಲೀಟರಿಗೆ 400 ಮಿಲಿಗ್ರಾಂ ಗಡಸುತನವುಳ್ಳ ನೀರನ್ನು 10 ಲೀಟರು ಹಿಡಿಸುವ ಟ್ರಾಕ್ಟರಿನ ರೇಡಿಯೇಟರಿಗೆ ಒಮ್ಮೆ ತುಂಬಿದರೆ ಒಳಗೆ ಸೇರುವ ಸುಣ್ಣವು 4 ಗ್ರಾಂ ಮಾತ್ರ. ಅಷ್ಟರಿಂದ ದೊಡ್ಡ ಕೇಡಾಗದು. ಆದರೆ ಎಲ್ಲಿಯೋ ಒಂದು ಸೋರಿಕೆಯಿದ್ದು ದಿನಕ್ಕೆ ಒಂದು ಲೀಟರಿನಂತೆ 300 ದಿನ ಅದೇ ನೀರನ್ನು ಮೇಲೆ ಮೇಲೆ ಹಾಕುತ್ತ ಬಂದರೆ ಒಳಹೊಕ್ಕ ಸುಣ್ಣವು 120 ಗ್ರಾಂ ಆಗುತ್ತದೆ. ಅಂದರೆ ಮೊದಲಿನದಕ್ಕಿಂತ ಮೂವತ್ತು ಪಾಲು ಹೆಚ್ಚು. ಇಂಜಿನನ್ನು ಕೆಡಿಸುವುದು ಮೊದಲು ತುಂಬಿದ ನೀರಿಗಿಂತ ದಿನದಿನವೂ ಸೇರಿಸುವ ನೀರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿದಿನವೂ ನೀರು ಕೇಳುವ ರೇಡಿಯೇಟರಿಗೆ ನೀರನ್ನು ಕೊಡುವುದಕ್ಕಿಂತ ಸೋರಿಕೆಯನ್ನು ಹುಡುಕುವುದು ಮೇಲು.

ತೆರೆದ ತೊಟ್ಟಿಯಲ್ಲಿ ನೀರು ಕುದಿದು ಆವಿಯಾಗುವ ಹಳೆಯ ಇಂಜಿನುಗಳಲ್ಲಿ ಈ ಲೆಕ್ಕವು ಇನ್ನೂ ಭಯಂಕರವಾದದ್ದು. 5 ಕುದುರೆ ಶಕ್ತಿಯ ಇಂಜಿನು ಪೂರ್ಣ ಭಾರದಲ್ಲಿ ಗಂಟೆಗೆ 5-6 ಲೀಟರು ನೀರನ್ನು ಆವಿಮಾಡುತ್ತದೆ. 8 ಗಂಟೆಗೆ 45 ಲೀಟರಾಯಿತು. ಆವಿಯು ಸುಣ್ಣವನ್ನು ಹೊತ್ತುಕೊಂಡು ಹೋಗುವುದಿಲ್ಲವಾದ್ದರಿಂದ ಮೇಲ್ಕಂಡ ನೀರಿನಲ್ಲಿ ದಿನಕ್ಕೆ 18 ಗ್ರಾಂ, ನೂರು ದಿನಕ್ಕೆ 1.8 ಕಿಲೋಗ್ರಾಂ ಸುಣ್ಣವು ಒಳಗೇ ಉಳಿಯುತ್ತದೆ.

5. ತಂಪುಮಾಡುವ ಮೂರು ವಿಧಾನಗಳು

ಯಾವ ಇಂಜಿನಿಗೆ ಕೂಲೆಂಟ್ ಬೇಕು, ಯಾವುದಕ್ಕೆ ಬೇಡವೆಂಬುದನ್ನು ಮೊದಲು ತಿಳಿಯತಕ್ಕದ್ದು.

(ಅ) ಹರಿದುಹೋಗುವ ನೀರಿನ ವಿಧಾನ: ಪಂಪು ಎತ್ತಿದ ನೀರಿನಲ್ಲಿ ಸ್ವಲ್ಪ ಭಾಗವು ಇಂಜಿನಿನ ಸುತ್ತ ಹರಿದು ಹೊಲದ ಕಾಲುವೆಗೆ ಬೀಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ರವರು ಮದರಾಸು ಪ್ರಾಂತ್ಯದಲ್ಲಿ ನೀರಾವರಿಗೆ ಎಣ್ಣೆಯ ಇಂಜಿನು ಮತ್ತು ಪಂಪುಗಳನ್ನು ಪ್ರಚಾರಕ್ಕೆ ತಂದರು. ಅನಂತರ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಅಂದಿನಿಂದ ರೈತರಿಗೆ ಪರಿಚಯವಾದ ಸುಲಭ ವಿಧಾನವಿದು. ಇಂತಹ ಇಂಜಿನಿಗೆ ಕೂಲೆಂಟನ್ನು ಎಂದಿಗೂ ಹಾಕಕೂಡದು. ಹಾಕಿದ್ದೆಲ್ಲವೂ ಹೊಲಕ್ಕೆ ಹರಿದುಹೋಗುತ್ತದೆ, ಮತ್ತು ಅದು ವಿಷ. ಇಲ್ಲಿ ಮಾಡಬೇಕಾದದ್ದು ನೀರಿನ ಪ್ರಮಾಣವನ್ನು ನಲ್ಲಿಯಿಂದ ತಿದ್ದುವುದು. ಗಡಸು ನೀರಾದರೆ ಹೊರಬೀಳುವ ನೀರು 50ರಿಂದ 60 ಡಿಗ್ರಿಯೊಳಗಿರಬೇಕು. ಅದನ್ನು ಮೀರಿದರೆ ಹಕ್ಕಳೆಯು ಬೇಗ ಕಟ್ಟುತ್ತದೆ. 27 ಡಿಗ್ರಿಯ ನೀರು ಒಳಹೋಗಿ 55 ಡಿಗ್ರಿಯಲ್ಲಿ ಹೊರಬರಬೇಕಾದರೆ 5 ಕುದುರೆ ಶಕ್ತಿಯ ಇಂಜಿನಿಗೆ ಪೂರ್ಣ ಭಾರದಲ್ಲಿ ನಿಮಿಷಕ್ಕೆ ಸುಮಾರು 2 ಲೀಟರು ನೀರು ಸಾಕು. ಒಂದು ಅಳತೆಯ ಪಾತ್ರೆಯನ್ನೂ ಗಡಿಯಾರವನ್ನೂ ಇಟ್ಟುಕೊಂಡು ಇದನ್ನು ಯಾರು ಬೇಕಾದರೂ ನೋಡಬಹುದು.

(ಆ) ತೆರೆದ ತೊಟ್ಟಿಯ ಅಥವಾ ಪೀಪಾಯಿಯ ವಿಧಾನ: ಇದಕ್ಕೂ ಕೂಲೆಂಟ್ ತಕ್ಕದ್ದಲ್ಲ. ನೀರು ಆವಿಯಾಗುತ್ತಿರುವಲ್ಲಿ ಮಿಶ್ರಣದ ಪ್ರಮಾಣವು ನಿಲ್ಲುವುದಿಲ್ಲ; ತೆರೆದ ತೊಟ್ಟಿಗೆ ದನಕರುಗಳು ಬಾಯಿ ಹಾಕುವ ಅಪಾಯವೂ ಉಂಟು. ಇವುಗಳಿಗೆ ಶುಭ್ರವಾದ ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಅತ್ಯುತ್ತಮವಾದದ್ದು. ಮೊದಲ ಮಳೆಯನ್ನು ಬಿಟ್ಟು ಅನಂತರದ ಮಳೆಯ ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ಇಟ್ಟುಕೊಂಡರೆ ಬಹುದಿನಕ್ಕೆ ಒದಗುತ್ತದೆ.

(ಇ) ಮುಚ್ಚಿದ ರೇಡಿಯೇಟರಿನ ವಿಧಾನ: ಟ್ರಾಕ್ಟರು, ಜನರೇಟರು, ಮಣ್ಣು ಅಗೆಯುವ ಯಂತ್ರ ಮುಂತಾದವುಗಳಲ್ಲಿ ಒಂದೇ ನೀರು ಸುತ್ತಿ ಸುತ್ತಿ ಬರುತ್ತದೆ. ಕೂಲೆಂಟ್ ಬೇಕಾದದ್ದು ಇವುಗಳಿಗೆ. ಮುಂದೆ ಹೇಳುವುದೆಲ್ಲವೂ ಇವುಗಳನ್ನು ಕುರಿತದ್ದು. ಪವರ್ ಟಿಲ್ಲರುಗಳಲ್ಲಿ ಬೇರೆ ಬೇರೆ ತರಹಗಳಿರುವುದರಿಂದ ತಯಾರಕರ ಪುಸ್ತಕವನ್ನು ನೋಡಿ ನಿರ್ಧರಿಸತಕ್ಕದ್ದು.

6. ಕೂಲೆಂಟ್ ಎಂದರೇನು? ಚಳಿಯಿಲ್ಲದ ನಮಗೆ ಅದೇಕೆ?

ಕೂಲೆಂಟ್ ಎಂಬುದು ಶುದ್ಧವಾದ ನೀರು, ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ಮತ್ತು ತುಕ್ಕನ್ನು ತಡೆಯುವ ಕೆಲವು ಔಷಧಗಳು, ಈ ಮೂರರ ಮಿಶ್ರಣ. ನೀರನ್ನೂ ಗ್ಲೈಕಾಲನ್ನೂ ಸಮಭಾಗವಾಗಿ ಬೆರೆಸಿದರೆ ಅದು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಮಂಜು ಬೀಳುವ ದೇಶದವರು ಈ ಕಾರಣದಿಂದಲೇ ಅದನ್ನು ಹಾಕತೊಡಗಿದರು. ಬೂದಿಕೋಟೆಯಲ್ಲಿ ಧನುರ್ಮಾಸದ ರಾತ್ರಿಯಲ್ಲಿಯೂ ನೀರು ಗಡ್ಡೆಕಟ್ಟುವುದಿಲ್ಲ. ಹಾಗಾದರೆ ನಮಗೆ ಅದೇಕೆ ಎಂದು ರೈತರು ಕೇಳುವುದು ನ್ಯಾಯವೇ. ಉತ್ತರವು ಮೂರು ಬಗೆಯಾಗಿದೆ.

ಮೊದಲನೆಯದು ಕುದಿಯುವ ಕಾವು. ಬಂಗಾರಪೇಟೆಯ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 800ರಿಂದ 900 ಮೀಟರು ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 100 ಡಿಗ್ರಿಗೆ ಬದಲು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಸರಿಯಾಗಿದ್ದು ಒಳಗೆ ಸುಮಾರು 0.9 ಕಿಲೋಗ್ರಾಂ ಒತ್ತಡವನ್ನು ಹಿಡಿದರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ಸಮಭಾಗದ ಗ್ಲೈಕಾಲ್ ಬೆರೆತಿದ್ದರೆ ಮತ್ತೂ ಏಳೆಂಟು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರು ಹರಿದಿದ್ದರೆ ಈ ಲಾಭದಲ್ಲಿ ಬಹುಪಾಲು ನಷ್ಟವಾಗುತ್ತದೆ. ಅಲ್ಪ ಬೆಲೆಯ ಈ ಮುಚ್ಚಳವನ್ನು ಅಲಕ್ಷ್ಯ ಮಾಡಕೂಡದು.

ಎರಡನೆಯದು ತುಕ್ಕು. ಇಂಜಿನಿನಲ್ಲಿ ಬೀಡು, ಉಕ್ಕು, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ಸೀಸ ಇವೆಲ್ಲವೂ ಒಂದೇ ನೀರಿನಲ್ಲಿ ನೆನೆದಿರುತ್ತವೆ. ಬರಿಯ ನೀರು, ಅದು ಎಷ್ಟೇ ಶುದ್ಧವಾಗಿರಲಿ, ಇವುಗಳನ್ನು ತಿನ್ನುತ್ತದೆ. ಕೂಲೆಂಟಿನ ಔಷಧಗಳು ಲೋಹದ ಮೈಮೇಲೆ ತೆಳುವಾದ ಪೊರೆಯನ್ನು ಕಟ್ಟಿ ರಕ್ಷಿಸುತ್ತವೆ.

ಮೂರನೆಯದನ್ನು ಬಹುಮಂದಿ ಅರಿಯರು. ಅನೇಕ ಡೀಸಲ್ ಇಂಜಿನುಗಳಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಗಲುತ್ತಿರುತ್ತದೆ. ಪಿಸ್ಟನ್ನು ಪ್ರತಿಸಾರಿಯೂ ಲೈನರಿನ ಗೋಡೆಗೆ ಬಡಿಯುವುದರಿಂದ ಗೋಡೆಯು ಗಂಟೆಯಂತೆ ಅದುರುತ್ತದೆ. ಆ ಅದುರುವಿಕೆಯಿಂದ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ಲೋಹದ ಮೇಲೆಯೇ ಒಡೆಯುತ್ತವೆ. ಒಂದೊಂದು ಗುಳ್ಳೆಯೂ ಒಂದೊಂದು ಸಣ್ಣ ಉಳಿಯ ಏಟಿನಂತೆ. ಬರುಬರುತ್ತ ಲೈನರಿನಲ್ಲಿ ಹುಳು ಕೊರೆದಂತೆ ತೂತು ಬಿದ್ದು ನೀರು ಎಂಜಿನ್ ಆಯಿಲಿಗೆ ಸೇರುತ್ತದೆ. ಭಾರವಾದ ಡೀಸಲ್ ಇಂಜಿನುಗಳಿಗೆಂದು ಮಾಡಿದ ಕೂಲೆಂಟಿನಲ್ಲಿ ಇದನ್ನು ತಡೆಯುವ ಔಷಧವಿರುತ್ತದೆ. ಬರಿಯ ನೀರಿಗೆ ಈ ಗುಣವಿಲ್ಲ.

7. ಕೂಲೆಂಟನ್ನು ಆರಿಸುವ ಕ್ರಮ

(1) ಎಲ್ಲಕ್ಕಿಂತ ಮೊದಲು ಇಂಜಿನಿನ ಜತೆಗೆ ಬಂದ ಪುಸ್ತಕವನ್ನು ನೋಡತಕ್ಕದ್ದು. ಅದರಲ್ಲಿ ಹೇಳಿದ ಜಾತಿಯನ್ನು ಬಿಟ್ಟು ಬೇರೆಯದನ್ನು ಅಗ್ಗವೆಂದು ಕೊಳ್ಳಬಾರದು.

(2) ಡಬ್ಬಿಯ ಮೇಲೆ ಐ.ಎಸ್. 5759 ಎಂಬ ಭಾರತೀಯ ಮಾನಕವಾಗಲಿ, ಪುಸ್ತಕವು ಕೇಳುವ ಮತ್ತೊಂದು ಮಾನಕವಾಗಲಿ ಮುದ್ರಿತವಾಗಿದೆಯೇ ಎಂದು ನೋಡಬೇಕು. ಭಾರವಾದ ಡೀಸಲ್ ಇಂಜಿನುಗಳ ಕೂಲೆಂಟಿಗೆ ಎ.ಎಸ್.ಟಿ.ಎಂ. ಡಿ 6210 ಎಂಬ ಗುರುತಿರುವುದುಂಟು. ಮಾನಕದ ಹೆಸರಿಲ್ಲದೆ ಬಣ್ಣದ ನೀರನ್ನು ಮಾತ್ರ ತುಂಬಿದ ಡಬ್ಬಿಗಳನ್ನು ಕೊಳ್ಳಕೂಡದು.

(3) ಬಣ್ಣವನ್ನು ನಂಬಬಾರದು. ಹಸಿರು, ಕೆಂಪು, ನೀಲಿ, ಕಿತ್ತಳೆ ಇವು ತಯಾರಕನು ಹಾಕಿದ ಬಣ್ಣಗಳು, ಜಾತಿಯ ಗುರುತುಗಳಲ್ಲ. ಇಬ್ಬರು ತಯಾರಕರ ಹಸಿರುಗಳು ಬೇರೆ ಬೇರೆ ಜಾತಿಯವಾಗಿರಬಹುದು.

(4) ಮುಖ್ಯವಾಗಿ ಎರಡು ಜಾತಿಗಳಿವೆ. ಸಿಲಿಕೇಟು, ನೈಟ್ರೈಟು ಮೊದಲಾದ ಖನಿಜ ಲವಣಗಳ ಹಳೆಯ ಜಾತಿಯದು ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ಸಾವಯವ ಆಮ್ಲಗಳ ಹೊಸ ಜಾತಿಯದು ಸುಮಾರು ಐದು ವರ್ಷದವರೆಗೆ ಬಾಳುತ್ತದೆ. ಇವೆರಡೂ ಸೇರಿದ ಮಿಶ್ರಜಾತಿಯೂ ಉಂಟು. ಯಾವುದಾದರೂ ಒಂದನ್ನೇ ಹಿಡಿಯಬೇಕು. ಎರಡನ್ನು ಬೆರೆಸಿದರೆ ಔಷಧದ ಬಲವು ಕುಗ್ಗುತ್ತದೆ. ಕೆಲವು ವೇಳೆ ಗಂಜಿಯಂತೆ ಗಟ್ಟಿಯಾಗಿ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ.

(5) ಬೆರೆಸಿ ಸಿದ್ಧಪಡಿಸಿದ ಕೂಲೆಂಟು ಒಂದು, ನೀರು ಸೇರಿಸಬೇಕಾದ ಗಟ್ಟಿ ಕೂಲೆಂಟು ಒಂದು, ಹೀಗೆ ಎರಡು ರೂಪದಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಸಿದ್ಧವಾದದ್ದಕ್ಕೆ ಮತ್ತೆ ನೀರನ್ನು ಸೇರಿಸಕೂಡದು. ಗಟ್ಟಿಯಾದದ್ದನ್ನು ನೀರಿಲ್ಲದೆ ಹಾಕಕೂಡದು. ಹೆಚ್ಚು ಹಾಕಿದರೆ ಹೆಚ್ಚು ತಂಪೆಂಬುದು ತಪ್ಪು ತಿಳಿವಳಿಕೆ. ಶಾಖವನ್ನು ಹೊರುವ ಶಕ್ತಿಯಲ್ಲಿ ನೀರೇ ಗ್ಲೈಕಾಲಿಗಿಂತ ಮೇಲು. ಆದಕಾರಣ ಗ್ಲೈಕಾಲು ಅರ್ಧಪಾಲನ್ನು ಬಹಳವಾಗಿ ಮೀರಿದರೆ ಇಂಜಿನು ಇನ್ನೂ ಬಿಸಿಯಾಗುತ್ತದೆ.

(6) ಬೆರೆಸುವ ನೀರು ಮೆದುವಾಗಿರಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರು ಉತ್ತಮ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಆರ್.ಓ. ನೀರು ಅಥವಾ ಶುಭ್ರವಾದ ಮಳೆನೀರು ಮಧ್ಯಮ. ಕೊಳವೆಬಾವಿಯ ನೀರು ನಿಷಿದ್ಧ. ಗಡಸು ನೀರನ್ನು ಬೆರೆಸಿದರೆ ಅದರ ಸುಣ್ಣವು ಕೂಲೆಂಟಿನ ಔಷಧಗಳನ್ನೇ ಹಿಡಿದು ಕೆಳಗೆ ಕೂಡಿಸಿಬಿಡುತ್ತದೆ. ಆರ್.ಓ. ನೀರನ್ನು ಔಷಧವಿಲ್ಲದೆ ಬರಿದಾಗಿ ಹಾಕುವುದೂ ಸರಿಯಲ್ಲ. ಅದು ಹಕ್ಕಳೆ ಕಟ್ಟದಿದ್ದರೂ ತುಕ್ಕು ಹಿಡಿಸುತ್ತದೆ.

8. ತೆಗೆದು ತುಂಬುವ ವಿಧಾನ

ಇಂಜಿನು ಪೂರ್ಣವಾಗಿ ಆರಿದ ಮೇಲೆ ಕೆಲಸಕ್ಕೆ ತೊಡಗಬೇಕು. ರೇಡಿಯೇಟರಿನ ಕೆಳಗಿನ ನಲ್ಲಿಯನ್ನೂ, ಸಿಲಿಂಡರಿನ ಪಕ್ಕದ ತಿರುಪನ್ನೂ ಬಿಚ್ಚಿ ಹಳೆಯ ದ್ರವವನ್ನು ಅಗಲವಾದ ಪಾತ್ರೆಯಲ್ಲಿ ಹಿಡಿಯತಕ್ಕದ್ದು, ನೆಲಕ್ಕೆ ಬಿಡಕೂಡದು. ಎರಡು ತಿರುಪುಗಳಲ್ಲಿ ಒಂದನ್ನು ಮಾತ್ರ ಬಿಚ್ಚಿದರೆ ಕೊಳೆಯೆಲ್ಲವೂ ಸಿಲಿಂಡರಿನ ಸುತ್ತ ಹಾಗೆಯೇ ಉಳಿಯುತ್ತದೆ. ಅನಂತರ ಮೆದುನೀರನ್ನು ತುಂಬಿ, ಇಂಜಿನನ್ನು ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗುವವರೆಗೆ ನಡೆಯಿಸಿ, ಆರಿಸಿ, ಮತ್ತೆ ಬಿಡಬೇಕು. ಹೊರಬರುವ ನೀರು ತಿಳಿಯಾಗುವವರೆಗೂ ಹೀಗೆ ಮಾಡತಕ್ಕದ್ದು.

ಒಳಗೆ ಹಕ್ಕಳೆಯು ದಪ್ಪವಾಗಿ ಕಟ್ಟಿದ್ದರೆ ಅದಕ್ಕೆಂದೇ ಮಾಡಿದ ತೊಳೆಯುವ ದ್ರವವನ್ನು ಅನುಭವಶಾಲಿಯಾದ ಮೆಕ್ಯಾನಿಕನ ಕೈಯಿಂದ ಹಾಕಿಸುವುದು ಕ್ಷೇಮ. ಬಚ್ಚಲು ತೊಳೆಯುವ ಆಸಿಡ್ಡನ್ನಾಗಲಿ ಬಟ್ಟೆ ಸೋಡವನ್ನಾಗಲಿ ಹಾಕಿದರೆ ಅಲ್ಯೂಮಿನಿಯಂ ಭಾಗಗಳು ಹಕ್ಕಳೆಗಿಂತ ಮೊದಲೇ ಕರಗಿಹೋಗುತ್ತವೆ. ಸೋರುವ ರೇಡಿಯೇಟರಿಗೆ ಅರಿಸಿನದ ಪುಡಿಯನ್ನು ಹಾಕುವ ಪದ್ಧತಿಯನ್ನು ಕೆಲವರು ಇಟ್ಟುಕೊಂಡಿದ್ದಾರೆ. ಅದು ತೂತನ್ನು ಎಷ್ಟು ಮುಚ್ಚುತ್ತದೆಯೋ ಅಷ್ಟೇ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ಸೋರಿಕೆಗೆ ಬೆಸುಗೆಯೇ ಮದ್ದು.

ಹೊಸ ದ್ರವವನ್ನು ನಿಧಾನವಾಗಿ ಸುರಿಯಬೇಕು. ಬೇಗನೆ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ತುಂಬಿದಂತೆ ಕಂಡರೂ ತುಂಬಿರುವುದಿಲ್ಲ. ಗಾಳಿ ಬಿಡುವ ತಿರುಪಿದ್ದರೆ ಅದನ್ನು ತೆರೆದಿಡಬೇಕು. ಇಂಜಿನನ್ನು ನಡೆಯಿಸಿ, ಆರಿಸಿ, ಮಟ್ಟವನ್ನು ಇನ್ನೊಮ್ಮೆ ನೋಡಿ ತುಂಬತಕ್ಕದ್ದು. ತುಂಬಿದ ತಾರೀಖು, ಜಾತಿ, ಗಂಟೆಯ ಮೀಟರಿನ ಅಂಕಿ ಇವನ್ನು ಬಣ್ಣದಿಂದ ರೇಡಿಯೇಟರಿನ ಬಳಿ ಬರೆದಿಟ್ಟರೆ ಮುಂದಿನವರಿಗೆ ಸಂದೇಹವಿರುವುದಿಲ್ಲ.

9. ನಿತ್ಯದ ಪಾಲನೆ

ಪ್ರತಿದಿನ: ಬೆಳಗ್ಗೆ ಇಂಜಿನು ತಣ್ಣಗಿರುವಾಗ ಮಟ್ಟವನ್ನು ನೋಡುವುದು, ಕೆಳಗೆ ತೊಟ್ಟಿಕ್ಕಿದ ಗುರುತಿದೆಯೇ ಎಂದು ನೋಡುವುದು. ಕಡಮೆಯಾಗಿದ್ದರೆ ಅದೇ ಜಾತಿಯ, ಅದೇ ಪ್ರಮಾಣದ ಮಿಶ್ರಣವನ್ನು ಸೇರಿಸುವುದು. ಇದಕ್ಕಾಗಿ ಎರಡು ಲೀಟರು ಮಿಶ್ರಣವನ್ನು ಗುರುತು ಬರೆದ ಡಬ್ಬಿಯಲ್ಲಿ ಬೀಗದೊಳಗೆ ಇಟ್ಟುಕೊಂಡಿರಬೇಕು.

ವಾರಕ್ಕೊಮ್ಮೆ: ರಾಗಿ ಒಕ್ಕಣೆಯ ಹೊಟ್ಟು, ಧೂಳು, ಹುಲ್ಲು ಇವು ರೇಡಿಯೇಟರಿನ ರೆಕ್ಕೆಗಳಲ್ಲಿ ಸೇರಿದರೆ ಒಳಗಿನ ಕೂಲೆಂಟು ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಫ್ಯಾನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಗಾಳಿ ಅಥವಾ ನೀರು ಹಾಯಿಸಿ ಶುದ್ಧಿಮಾಡಬೇಕು. ಒಕ್ಕಣೆಯ ದಿನಗಳಲ್ಲಿ ಇದನ್ನು ಪ್ರತಿದಿನವೂ ಮಾಡತಕ್ಕದ್ದು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರು ತಗ್ಗಬೇಕು.

ಆರು ತಿಂಗಳಿಗೊಮ್ಮೆ: ಹೋಸು ಪೈಪುಗಳು ಉಬ್ಬಿವೆಯೇ, ಬಿರಿದಿವೆಯೇ, ಹಿಸುಕಿದರೆ ಮೆತ್ತಗಾಗಿವೆಯೇ ಎಂದು ಪರೀಕ್ಷಿಸಬೇಕು. ಕೂಲೆಂಟಿನ ಗ್ಲೈಕಾಲ್ ಪ್ರಮಾಣವನ್ನು ಅಳೆಯುವ ಸಣ್ಣ ಉಪಕರಣವೂ, ಔಷಧದ ಬಲವನ್ನು ಬಣ್ಣದಿಂದ ತೋರಿಸುವ ಕಾಗದದ ಪಟ್ಟಿಗಳೂ ದೊರೆಯುತ್ತವೆ. ಒಬ್ಬೊಬ್ಬರೇ ಕೊಳ್ಳಲಾರದಿದ್ದರೆ ಸಂಘದ ಮೂಲಕ ಕೊಂಡು ಊರಿನ ಎಲ್ಲ ಇಂಜಿನುಗಳನ್ನೂ ಪರೀಕ್ಷಿಸಿಕೊಳ್ಳಬಹುದು.

ಹಾಲಿನ ಸಂಘದ ಜನರೇಟರಿನಂತೆ ದಿನಕ್ಕೆ ಒಂದು ಗಂಟೆಯೂ ನಡೆಯದ ಇಂಜಿನುಗಳಲ್ಲಿ ಗಂಟೆಯ ಲೆಕ್ಕವನ್ನು ನೋಡಿ ಕೂಲೆಂಟು ಹೊಸದೆಂದು ಸುಮ್ಮನಿರಬಾರದು. ನಿಂತ ಇಂಜಿನಿನಲ್ಲಿಯೂ ಔಷಧವು ಸವೆಯುತ್ತದೆ, ತುಕ್ಕು ನಡೆಯುತ್ತದೆ. ಇವುಗಳಿಗೆ ವರ್ಷದ ಲೆಕ್ಕದಲ್ಲಿ ಬದಲಾಯಿಸತಕ್ಕದ್ದು. ವಿದ್ಯುತ್ತು ನಿಂತ ರಾತ್ರಿ ಆ ಒಂದು ಇಂಜಿನು ಕೈಕೊಟ್ಟರೆ ಊರಿನವರೆಲ್ಲರ ಹಾಲು ಹುಳಿಯುತ್ತದೆ.

10. ಕೆಲವು ಚಿಹ್ನೆಗಳು ಮತ್ತು ಅವುಗಳ ಅರ್ಥ

ಕೂಲೆಂಟು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಔಷಧವು ಮುಗಿದಿದೆ, ಬದಲಾಯಿಸಬೇಕು. ಅದರ ಮೇಲೆ ಎಣ್ಣೆ ತೇಲುತ್ತಿದ್ದರೆ ಎಣ್ಣೆ ತಂಪುಮಾಡುವ ಭಾಗ ಅಥವಾ ಗ್ಯಾಸ್ಕೆಟ್ಟು ಕೆಟ್ಟಿದೆ. ಇಂಜಿನು ನಡೆಯುವಾಗ ಹೊರಗಿನ ಸೀಸೆಯಲ್ಲಿ ಒಂದೇ ಸಮನೆ ಗುಳ್ಳೆಗಳೇಳುತ್ತಿದ್ದರೆ ಸಿಲಿಂಡರಿನ ಹೊಗೆಯು ನೀರಿಗೆ ನುಗ್ಗುತ್ತಿದೆ. ಎಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣವಾಗಿದ್ದರೆ ಅದಕ್ಕೆ ನೀರು ಸೇರಿದೆ. ಆ ಇಂಜಿನನ್ನು ಮತ್ತೊಂದು ನಿಮಿಷವೂ ನಡೆಯಿಸಕೂಡದು. ಎಲ್ಲಿಯೂ ಸೋರದೆ ಮಟ್ಟವು ಇಳಿಯುತ್ತಿದ್ದು ಹೊಗೆಯು ಬೆಳ್ಳಗಿದ್ದರೆ ನೀರು ಸಿಲಿಂಡರಿನೊಳಗೆ ಹೋಗುತ್ತಿದೆಯೆಂದು ತಿಳಿದು ಕೂಡಲೇ ತೋರಿಸತಕ್ಕದ್ದು.

11. ಇಂಜಿನು ಕುದಿದಾಗ

ಬಿಸಿಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದ ಕೂಡಲೆ ಭಾರವನ್ನು ಬಿಡಿಸಬೇಕು. ನೀರು ಹೊರಗೆ ಹೋಗಿಲ್ಲವೆಂದು ಖಚಿತವಾಗಿದ್ದರೆ ಭಾರವಿಲ್ಲದೆ ನಿಧಾನವಾಗಿ ಕೆಲವು ನಿಮಿಷ ನಡೆಯಗೊಟ್ಟು ಅನಂತರ ನಿಲ್ಲಿಸಬೇಕು. ಪೈಪು ಒಡೆದು ನೀರು ಹೋಗಿದ್ದರೆ ಆ ಕ್ಷಣವೇ ನಿಲ್ಲಿಸಬೇಕು.

ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒತ್ತಡದಲ್ಲಿದ್ದ ನೀರು ಮುಚ್ಚಳ ಸಡಿಲವಾದ ಕೂಡಲೆ ಆವಿಯಾಗಿ ಮುಖಕ್ಕೂ ಎದೆಗೂ ಎರಚುತ್ತದೆ. ಕಣ್ಣು ಹೋಗುವ ಸಂಭವವುಂಟು. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ, ದಪ್ಪನೆಯ ಬಟ್ಟೆಯನ್ನು ಹಾಕಿ, ಮೊದಲ ತಿರುವಿನಲ್ಲಿ ನಿಲ್ಲಿಸಿ, ಆವಿ ಹೋದ ಮೇಲೆ ಪೂರ್ತಿ ತೆರೆಯಬೇಕು. ಕಾದ ಇಂಜಿನಿಗೆ ತಣ್ಣೀರನ್ನು ಸುರಿದರೆ ಸಿಲಿಂಡರಿನ ತಲೆಯು ಸೀಳುತ್ತದೆ. ಅರ್ಧಗಂಟೆಯ ಅವಸರಕ್ಕೆ ಇಂಜಿನನ್ನೇ ಬಲಿಗೊಡಬಾರದು.

ಹೊಲದ ನಡುವೆ ಬೇರೆ ಉಪಾಯವಿಲ್ಲದೆ ಸಿಕ್ಕಿದ ನೀರನ್ನೇ ಹಾಕಿಕೊಂಡು ಮನೆಗೆ ಬರಬೇಕಾದ ಸಂದರ್ಭವುಂಟು. ಅದರಲ್ಲಿ ತಪ್ಪಿಲ್ಲ. ಆದರೆ ಆ ನೀರನ್ನು ಅಲ್ಲಿಯೇ ಬಿಟ್ಟು ಮರೆಯದೆ, ಮನೆಗೆ ಬಂದ ಮೇಲೆ ತೆಗೆದು ಸರಿಯಾದ ಮಿಶ್ರಣವನ್ನು ತುಂಬತಕ್ಕದ್ದು.

12. ವಿಷದ ವಿಷಯವಾಗಿ ಎಚ್ಚರಿಕ

ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬಣ್ಣವು ಶರಬತ್ತಿನಂತಿರುತ್ತದೆ. ಅದುದರಿಂದಲೇ ಅದು ಹೆಚ್ಚು ಅಪಾಯಕರ. ಮಕ್ಕಳು ಕೆಲವು ಗುಟುಕು ಕುಡಿದರೂ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೆ ಅಪಾಯವಾಗಬಹುದು. ನಾಯಿ, ಕುರಿ, ಕರುಗಳಿಗೂ ಹಾಗೆಯೇ. ಕೂಲೆಂಟನ್ನು ನೀರಿನ ಅಥವಾ ಪಾನೀಯದ ಸೀಸೆಗಳಲ್ಲಿ ಎಂದಿಗೂ ಇಡಕೂಡದು. ಯಾರಾದರೂ ಕುಡಿದಿದ್ದರೆ, ಆಗ ಚೆನ್ನಾಗಿಯೇ ಕಂಡರೂ ಸಹ, ಮನೆಯ ಔಷಧವನ್ನು ನಂಬಿ ಕಾಯದೆ ಡಬ್ಬಿಯ ಸಮೇತ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇದಕ್ಕೆ ಚಿಕಿತ್ಸೆಯುಂಟು; ಬೇಗ ಹೋದಷ್ಟೂ ಉಳಿಯುವ ಸಂಭವವು ಹೆಚ್ಚು.

ತೆಗೆದ ಹಳೆಯ ಕೂಲೆಂಟನ್ನು ಕೆರೆ, ಬಾವಿ, ಚರಂಡಿ, ದನದ ತೊಟ್ಟಿಗಳ ಬಳಿ ಚೆಲ್ಲಬಾರದು. ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆಯನ್ನು ತೆಗೆದುಕೊಳ್ಳುವ ಕಾರ್ಖಾನೆಯಲ್ಲಿ ವಿಚಾರಿಸಿ ಒಪ್ಪಿಸತಕ್ಕದ್ದು. ನೆಲಕ್ಕೆ ಚೆಲ್ಲಿದ್ದರೆ ಒಣಮಣ್ಣು ಹಾಕಿ ಹೀರಿಸಿ ತೆಗೆಯಬೇಕು.

13. ಸಾರಾಂಶ

1. ಮುಚ್ಚಿದ ರೇಡಿಯೇಟರಿಗೆ ಮಾತ್ರ ಕೂಲೆಂಟು. ಹರಿಯುವ ಮತ್ತು ತೆರೆದ ನೀರಿನ ಇಂಜಿನಿಗೆ ಬೇಡ.
2. ಕೊಳವೆಬಾವಿಯ ನೀರನ್ನು ರೇಡಿಯೇಟರಿಗೆ ಹಾಕಬೇಡಿ.
3. ಬಣ್ಣವನ್ನು ನೋಡಬೇಡಿ, ಮಾನಕವನ್ನು ನೋಡಿ. ಎರಡು ಜಾತಿಗಳನ್ನು ಬೆರೆಸಬೇಡಿ.
4. ದಿನವೂ ನೀರು ಸೇರಿಸುವುದನ್ನು ಬಿಟ್ಟು ಸೋರಿಕೆಯನ್ನು ಸರಿಪಡಿಸಿ.
5. ಮುಚ್ಚಳವನ್ನೂ ಥರ್ಮೋಸ್ಟಾಟನ್ನೂ ಸುಸ್ಥಿತಿಯಲ್ಲಿಡಿ.
6. ಬಿಸಿ ರೇಡಿಯೇಟರನ್ನು ತೆರೆಯಬೇಡಿ. ಕೂಲೆಂಟನ್ನು ಮಕ್ಕಳಿಗೂ ದನಕರುಗಳಿಗೂ ಎಟುಕದಂತಿಡಿ.

ಎತ್ತಿಗೆ ನೀರು ಕುಡಿಸುವಾಗ ರೈತನು ತೊಟ್ಟಿಯ ನೀರು ಶುಭ್ರವಾಗಿದೆಯೇ ಎಂದು ನೋಡದೆ ಬಿಡುವುದಿಲ್ಲ. ಇಂಜಿನಿನ ವಿಷಯದಲ್ಲಿಯೂ ಅಷ್ಟೇ ಲಕ್ಷ್ಯವನ್ನಿಟ್ಟರೆ, ಮಳೆ ಬಿದ್ದ ಮರುದಿನ ಬೆಳಗ್ಗೆ ಅದು ಹೊಲಕ್ಕೆ ಸಿದ್ಧವಾಗಿ ನಿಂತಿರುತ್ತದೆ.